ಎತ್ತಿನ ಗಾಯಕ್ಕೆ ಹುಳ, ರೈತನ ಮನೆಗೆ ಸಾಲ

(ಮುರಗೋಡದಲ್ಲಿ ರೈತರ ಮುಂದೆ ಆಡಿದ ಮಾತುಗಳು)



ಬೆಲೆಯ ಬಗ್ಗೆ, ಬಡ್ಡಿಯ ಬಗ್ಗೆ ಕೇಳಲು ಬಂದ ನಿಮ್ಮ ಮುಂದೆ ನಾನು ಇಂದು ಹುಳದ ಬಗ್ಗೆ ಮಾತಾಡುವವನಿದ್ದೇನೆ. ನಗಬೇಡ್ರಿ. ಹತ್ತಿಗೆ ಬೀಳುವ ಹುಳದ ಮಾತಲ್ಲ ಇದು. ದನದ ಗಾಯಕ್ಕೆ, ಒಮ್ಮೊಮ್ಮೆ ಮನುಷ್ಯನ ಗಾಯಕ್ಕೂ ಬೀಳುವ ಹುಳದ ಮಾತು. ಇದೂ ಸಾಲದ ಲೆಕ್ಕಕ್ಕೇ ಬಂದು ನಿಲ್ಲುತ್ತದೆ.

ನಮ್ಮ ಕಡೆ ಸಿಟ್ಟು ನೆತ್ತಿಗೇರಿದರೆ ‘ಹುಳಾ ಬಿದ್ದು ಸಾಯಲಿ’ ಅಂತ ಬೈಯುತ್ತಾರೆ. ಹೀಗೆ ಬೈದು ಬೈದು ಹುಳ ಬೀಳುವುದು ಪಾಪದ ಫಲ, ಯಾರದೋ ಶಾಪ ಎಂಬ ನಂಬಿಕೆ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದ್ದರಿಂದ ಹುಳ ಬಿದ್ದ ಗಾಯವನ್ನು ಮುಚ್ಚಿಡುತ್ತೇವೆ. ಹುಳಕ್ಕೆ ಬೇಕಾದದ್ದೂ ಅದೇ. ನಾನು ಹೇಳುವುದು ಇಷ್ಟೇ: ಹುಳ ಶಾಪದಿಂದ ಬರುವುದಿಲ್ಲ, ತಡ ಮಾಡುವುದರಿಂದ ಬರುತ್ತದೆ.

ಅದು ಬರುವ ದಾರಿ ನೋಡ್ರಿ. ನೊಣಗಳಲ್ಲಿ ಹೆಚ್ಚಿನವು ಸತ್ತದ್ದರ ಮೇಲೆ, ಕೊಳೆತದ್ದರ ಮೇಲೆ ತತ್ತಿ ಇಡುತ್ತವೆ. ನಮ್ಮ ದೇಶದಲ್ಲಿರುವ ಒಂದು ಜಾತಿ ಹಾಗಲ್ಲ, ಜೀವಂತ ಮಾಂಸವನ್ನೇ ಹುಡುಕುತ್ತದೆ. ವಿಜ್ಞಾನಿಗಳು ಅದನ್ನು ಕ್ರೈಸೋಮಿಯಾ ಬೆಜ್ಜಿಯಾನಾ ಎನ್ನುತ್ತಾರೆ. ಹೆಣ್ಣು ನೊಣ ಗಾಯದ ಅಂಚಿಗೆ ಒಂದೇ ಸಲಕ್ಕೆ ನೂರೈವತ್ತು, ಇನ್ನೂರು ತತ್ತಿ ಇಟ್ಟು ಹಾರಿಹೋಗುತ್ತದೆ. ಒಂದು ಹಗಲು ಒಂದು ರಾತ್ರಿಯೊಳಗೆ ಮರಿ ಹೊರಬರುತ್ತದೆ. ತಲೆ ಒಳಗೆ, ಬಾಲ ಹೊರಗೆ ಮಾಡಿ ಮಾಂಸ ಕೊರೆಯುತ್ತದೆ. ಮೈಮೇಲೆ ಸ್ಕ್ರೂ ಮೊಳೆಯಂಥ ಸುತ್ತುಗಳಿರುವುದರಿಂದ ಅದಕ್ಕೆ ಸ್ಕ್ರೂ ಹುಳ ಎಂಬ ಹೆಸರು ಬಂತು. ಗಾಯ ನಾರತೊಡಗಿದರೆ ಆ ವಾಸನೆಗೆ ಮತ್ತಷ್ಟು ನೊಣ ಬರುತ್ತವೆ. ಐದಾರು ದಿನ ತಿಂದು ಕೊಬ್ಬಿದ ಹುಳ ನೆಲಕ್ಕೆ ಬಿದ್ದು ಮಣ್ಣಲ್ಲಿ ಕೋಶ ಕಟ್ಟಿ, ಬೇಸಗೆಯಾದರೆ ಒಂದು ವಾರದಲ್ಲಿ ನೊಣವಾಗಿ ಏಳುತ್ತದೆ. ನಿಮ್ಮ ಕೊಟ್ಟಿಗೆಯ ಹುಳ ನೆರೆಮನೆಯ ಕರುವಿಗೆ ಕಂಟಕ.

ಗಾಯ ದೊಡ್ಡದೇ ಇರಬೇಕೆಂದಿಲ್ಲ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಚಕ್ಕಡಿ ಹೂಡಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದ ಎತ್ತಿನ ಹೆಗಲು ನೋಡ್ರಿ, ಕಬ್ಬು ಹೇರಿದ ಎತ್ತಿನ ಹೆಗಲು ನೋಡ್ರಿ. ನೊಗ ಉಜ್ಜಿ ಚರ್ಮ ಸುಲಿದಿರುತ್ತದೆ. ಆಗ ತಾನೇ ಹುಟ್ಟಿದ ಕರುವಿನ ಹಸಿ ಹೊಕ್ಕಳು, ಮುರಿದ ಕೋಡು, ಮೂಗುದಾರ ಕೊರೆದ ಜಾಗ, ಕುರಿಯ ಉಣ್ಣೆ ಕತ್ತರಿಸುವಾಗ ತಾಗಿದ ಕತ್ತರಿಯ ಗಾಯ, ಕಾಲುಬಾಯಿ ಬೇನೆಯಲ್ಲಿ ಒಡೆದ ಗೊರಸಿನ ಸಂದು, ಎಲ್ಲವೂ ನೊಣಕ್ಕೆ ತೆರೆದ ಬಾಗಿಲೇ. ವಿಮೆಗಾಗಿ ಕಿವಿಗೆ ಓಲೆ ಹೊಡೆಸುತ್ತೇವಲ್ಲ, ಆ ತೂತಿನಲ್ಲೂ ಹುಳ ಬೀಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಮೊದಲ ದಿನ ಗಾಯ ತೊಳೆದು ಟಿಂಚರ್ ಅಯೋಡಿನ್ ಹಚ್ಚಿದರೆ ಖರ್ಚು ಕೆಲವು ರೂಪಾಯಿ. ನಾಲ್ಕನೆಯ ದಿನ ಡಾಕ್ಟರು, ಇಂಜೆಕ್ಷನ್ನು, ಹೋಗಿ ಬರುವ ಖರ್ಚು. ಎಂಟನೆಯ ದಿನ ಎತ್ತು ಮಲಗಿದರೆ? ಒಳ್ಳೆಯ ಜೋಡಿ ಎತ್ತಿನ ಬೆಲೆ ಇವತ್ತು ಲಕ್ಷ ದಾಟಿದೆ. ಮುಂಗಾರಿನ ಬಾಯಲ್ಲಿ ಒಂದು ಎತ್ತು ಸತ್ತು, ಅರುವತ್ತು ಸಾವಿರ ಕೈಗಡ ತಂದಿರಿ ಅಂತ ತಿಳಿಯಿರಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಹಿಡಿದರೂ ವರ್ಷಕ್ಕೆ 21,600 ರೂಪಾಯಿ ಬಡ್ಡಿಯೇ ಆಯಿತು, ಅಸಲು ಹಾಗೇ ನಿಂತಿತು. ಹತ್ತಿಯ ಬೆಲೆ ಬಿದ್ದ ವರ್ಷ ಇದನ್ನು ಯಾವ ಹೊಲ ತೀರಿಸುತ್ತದೆ?

2022ರಲ್ಲಿ ಚರ್ಮಗಂಟು ರೋಗ ಬಂದಾಗ ಗಂಟು ಒಡೆದ ಕಡೆಯೆಲ್ಲ ನೊಣ ಮುತ್ತಿದ್ದನ್ನು ನೀವೇ ಕಂಡಿದ್ದೀರಿ. ಆಗ ರಾಜ್ಯ ಸರಕಾರ ಸತ್ತ ಎತ್ತಿಗೆ 30,000, ಹಸುವಿಗೆ 20,000, ಕರುವಿಗೆ 5,000 ರೂಪಾಯಿ ಪರಿಹಾರ ಘೋಷಿಸಿತು. ಅರ್ಧ ಎತ್ತಿನ ಬೆಲೆಯಾದರೂ ಬಂತು ಅನ್ನೋಣ. ಆದರೆ ಅದು ಆ ರೋಗಕ್ಕಾಗಿ ಕೊಟ್ಟ ಹಣ. ಹೆಗಲ ಹುಣ್ಣಿಗೆ ಹುಳ ಬಿದ್ದು ಸತ್ತ ಎತ್ತಿಗೆ ಅಂಥ ಘೋಷಣೆ ಆಗುವುದಿಲ್ಲ.

ಬೇರೆ ದೇಶದವರು ಇದನ್ನು ಒಬ್ಬೊಬ್ಬ ರೈತನ ಹಣೆಬರಹ ಅಂತ ಬಿಡಲಿಲ್ಲ. ಅಮೆರಿಕದಲ್ಲಿ ಈ ನೊಣದ ಸೋದರ ಜಾತಿಯೊಂದಿದೆ. ಅದರ ಹೆಣ್ಣು ಜನ್ಮಕ್ಕೆ ಒಂದೇ ಸಲ ಕೂಡುತ್ತದೆ. ನಿಪ್ಲಿಂಗ್ ಎಂಬ ವಿಜ್ಞಾನಿ ಇದನ್ನೇ ಹಿಡಿದುಕೊಂಡು, ಗಂಡು ನೊಣಗಳ ಸಂತಾನಶಕ್ತಿಯನ್ನು ವಿಕಿರಣದಿಂದ ಕಳೆದು ವಿಮಾನದಿಂದ ಬಿಡುವ ಉಪಾಯ ಕಂಡರು. ಅವುಗಳ ಜೊತೆ ಕೂಡಿದ ಹೆಣ್ಣಿನ ತತ್ತಿ ಮರಿಯಾಗುವುದಿಲ್ಲ. 1988ರಲ್ಲಿ ಅದೇ ನೊಣ ಲಿಬಿಯಾ ದೇಶಕ್ಕೆ ಹೊಕ್ಕಾಗ ಮೆಕ್ಸಿಕೊದಿಂದ ಇಂಥ ನೊಣಗಳನ್ನು ವಿಮಾನದಲ್ಲಿ ತಂದು ಬಿಟ್ಟರು, 1992ರ ಹೊತ್ತಿಗೆ ಪೀಡೆ ತೊಲಗಿತು. 2024ರ ನವೆಂಬರಿನಲ್ಲಿ ಮೆಕ್ಸಿಕೊದಲ್ಲಿ ಅದು ಮತ್ತೆ ಕಂಡಾಗ ಅಮೆರಿಕ ಅಲ್ಲಿಂದ ಬರುವ ದನಗಳನ್ನು ಗಡಿಯಲ್ಲೇ ತಡೆಯಿತು. ಅವರಿಗೆ ಅದು ದೇಶದ ನಷ್ಟ. ನಮಗೆ ಮಾತ್ರ ಒಂದು ಮನೆಯ ದುರ್ದೈವ!

ವಿಮಾನ ಬರುವತನಕ ನಾವು ಕೈಕಟ್ಟಿ ಕೂಡುವಂತಿಲ್ಲ. ಹುಳ ಕಂಡ ಕೂಡಲೇ ಹತ್ತಿಗೆ ಹೊಡೆಯುವ ಎಣ್ಣೆ, ಫಿನಾಯಿಲು, ಪುಡಿ ಸುರಿಯುವ ಚಟ ಬಿಡ್ರಿ. ದನ ಅದನ್ನು ನೆಕ್ಕುತ್ತದೆ, ವಿಷ ಗಾಯದಿಂದಲೂ ಮೈಗೆ ಇಳಿಯುತ್ತದೆ. ಹಿಂದೆ ಸುರಿಯುತ್ತಿದ್ದ ಬಿಎಚ್‌ಸಿ ಪುಡಿಯನ್ನು 1997ರಲ್ಲೇ ನಿಷೇಧಿಸಿದ್ದಾರೆ. ಹುಳ ಉಸಿರಾಡುವುದು ಬಾಲದ ಕಡೆಯಿಂದ. ಅದಕ್ಕೇ ಹತ್ತಿಯ ಉಂಡೆಗೆ ಕೆಲವೇ ಹನಿ ಟರ್ಪೆಂಟೈನ್ ಹಾಕಿ ಗಾಯದ ಬಾಯಿಗೆ ಇಟ್ಟರೆ ಉಸಿರು ಕಟ್ಟಿ ಮೇಲೆ ಬರುತ್ತದೆ. ಚಿಮಟಿಗೆಯಿಂದ ಒಂದೊಂದಾಗಿ ತೆಗೆಯಿರಿ. ತೆಗೆದದ್ದನ್ನು ತಿಪ್ಪೆಗೆ ಎಸೆಯಬೇಡಿ, ಕುದಿಯುವ ನೀರಿಗೆ ಹಾಕಿ ಸಾಯಿಸಿರಿ. ಗಾಯ ತೊಳೆದು ಔಷಧ ಹಚ್ಚಿ, ಸುತ್ತ ಬೇವಿನ ಎಣ್ಣೆ ಸವರಿರಿ. ಮಾಯುವತನಕ ದಿನಾಲೂ ನೋಡಬೇಕು, ಆ ಹೆಗಲಿಗೆ ನೊಗ ಇಡಬಾರದು. ಗಾಯದ ದನವನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ಗಾಯ ಆಳವಿದ್ದರೆ ಪಶು ಡಾಕ್ಟರರನ್ನು ಕರೆಯಿರಿ. 1962 ನಂಬರಿಗೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಐವರ್ಮೆಕ್ಟಿನ್ ಇಂಜೆಕ್ಷನ್ ಕೊಟ್ಟರೆ ಹಾಲು ಎಷ್ಟು ದಿನ ಬಳಸಬಾರದು ಅಂತ ಅವರನ್ನೇ ಕೇಳಿರಿ.

ಇನ್ನು ಮನುಷ್ಯರ ಮಾತು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಹೋದ ಪಾದ, ಹಾಸಿಗೆ ಹಿಡಿದ ಮುದುಕರ ಬೆನ್ನಹುಣ್ಣು, ಕುಷ್ಠ ತಾಕಿದ ಮೂಗು, ಕ್ಯಾನ್ಸರಿನ ಗಾಯ: ನೋವು ತಿಳಿಯದ, ಇಲ್ಲವೆ ತಾನೇ ತೊಳೆದುಕೊಳ್ಳಲಾಗದ ಜಾಗಕ್ಕೆ ನೊಣ ಬರುತ್ತದೆ. ಮೂಗಿನಲ್ಲಿ, ಕಿವಿಯಲ್ಲಿ, ಕಣ್ಣಿನಲ್ಲಿ ಹುಳ ಬಿದ್ದರೆ ಮನೆಮದ್ದು ಬೇಡವೇ ಬೇಡ, ಒಂದು ಹನಿ ಏನನ್ನೂ ಬಿಡಬೇಡಿ, ಅದೇ ದಿನ ದವಾಖಾನೆಗೆ ಕರೆದೊಯ್ಯಿರಿ. ಮೂಗಿನ ಹುಳ ಎಲುಬು ಕೊರೆದು ಮೇಲಕ್ಕೆ ಹೋದರೆ ಜೀವಕ್ಕೇ ಅಪಾಯ. ನಾಲ್ಕು ಮಂದಿಗೆ ತಿಳಿದರೆ ಮಾನ ಹೋದೀತು ಅಂತ ಅವ್ವನನ್ನು, ಅಪ್ಪನನ್ನು ಒಳಕೋಣೆಯಲ್ಲಿ ಮುಚ್ಚಿಡಬೇಡ್ರಿ. ಹುಳ ಬಿದ್ದವರು ಯಾವ ಪಾಪವನ್ನೂ ಮಾಡಿಲ್ಲ. ಗಾಯ ನೋಡುವವರು ಹತ್ತಿರ ಇರಲಿಲ್ಲ, ಅಷ್ಟೇ.

ಪ್ರತಿ ಊರಿನ ಹಾಲಿನ ಸೊಸೈಟಿಯಲ್ಲಿ ಒಂದು ಪೆಟ್ಟಿಗೆ ಇಡೋಣ: ಅಯೋಡಿನ್, ಹತ್ತಿ, ಚಿಮಟಿಗೆ, ಟರ್ಪೆಂಟೈನ್, ಬೇವಿನ ಎಣ್ಣೆ. ಹತ್ತು ಮನೆ ಕೂಡಿದರೆ ಇದರ ಖರ್ಚು ಯಾರಿಗೂ ಹೊರೆಯಲ್ಲ. ಪಶು ಆಸ್ಪತ್ರೆಯಲ್ಲಿ ಡಾಕ್ಟರು, ಔಷಧ ಇರಲೇಬೇಕು ಅಂತ ಸರಕಾರವನ್ನು ಕೇಳುವುದು ನಮ್ಮ ಹಕ್ಕು, ಕೇಳೋಣ. ಸಂಜೆ ದನ ಮನೆಗೆ ಬಂದಾಗ ಮೈಮೇಲೆ ಕೈಯಾಡಿಸಿ ನೋಡುವುದು ಮಾತ್ರ ನಮ್ಮದೇ ಕೆಲಸ. ಅದನ್ನು ಇವತ್ತಿನಿಂದಲೇ ಮಾಡ್ರಿ.