ಒಪ್ಪಿಕೊಂಡದ್ದೆಲ್ಲ ಸಾಕ್ಷ್ಯವಲ್ಲ



ಪೊಲೀಸರ ವಶದಲ್ಲಿದ್ದವನು ಕೊಟ್ಟ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಸ್ವೀಕರಿಸಬಹುದೇ? ಇದು ಈ ವಿಚಾರಸಂಕಿರಣದ ಪ್ರಶ್ನೆ. ಮುಂಬೈನ ಈ ಸಾಂತಾಕ್ರೂಜ್‌ನಲ್ಲಿ ಇದು ಬರೀ ಪಠ್ಯದ ಪ್ರಶ್ನೆಯಲ್ಲ. 2006ರ ಜುಲೈ 11ರ ಸಂಜೆ ಲೋಕಲ್ ರೈಲುಗಳಲ್ಲಿ ಸಿಡಿದ ಏಳು ಬಾಂಬ್‌ಗಳಲ್ಲಿ ಒಂದು ಸಿಡಿದದ್ದು ಖಾರ್–ಸಾಂತಾಕ್ರೂಜ್ ನಡುವೆ. ಒಟ್ಟು 180ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2015ರಲ್ಲಿ ವಿಶೇಷ ನ್ಯಾಯಾಲಯ 12 ಮಂದಿಗೆ ಶಿಕ್ಷೆ ವಿಧಿಸಿತು, ಅವರಲ್ಲಿ ಐವರಿಗೆ ಮರಣದಂಡನೆ. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಎಲ್ಲರನ್ನೂ ಖುಲಾಸೆಗೊಳಿಸಿತು. ತಪ್ಪೊಪ್ಪಿಗೆಗಳ ಕೆಲವು ಭಾಗಗಳು ನಕಲು ಮಾಡಿದಂತೆ ಒಂದೇ ಥರ ಇವೆ, ಚಿತ್ರಹಿಂಸೆಯ ಆರೋಪದಲ್ಲಿ ಹುರುಳಿದೆ ಎಂದು ಅದು ಕಂಡುಕೊಂಡಿತು. ಆ ತೀರ್ಪನ್ನು ಪೂರ್ವನಿದರ್ಶನವಾಗಿ ಬಳಸುವುದನ್ನು ಸುಪ್ರೀಂ ಕೋರ್ಟ್ ಮೂರೇ ದಿನದಲ್ಲಿ ತಡೆಹಿಡಿಯಿತು.

ಪೊಲೀಸರ ಮುಂದಿನ ಹೇಳಿಕೆ ಸಾಕ್ಷ್ಯವಾದದ್ದಾದರೂ ಹೇಗೆ? ಈ ಪ್ರಕರಣದಲ್ಲಿ ಬಳಸಿದ, ಮಹಾರಾಷ್ಟ್ರದ 1999ರ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ (ಮಕೋಕಾ) ಎಸ್‌ಪಿ ದರ್ಜೆಯ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆಗೆ ಮಾನ್ಯತೆ ಕೊಟ್ಟಿದೆ. ಕರ್ನಾಟಕದ 2000ದ ಕೋಕಾ ಕಾಯ್ದೆಯದೂ ಅದೇ ದಾರಿ. ಸಾಮಾನ್ಯ ಕಾನೂನಾದರೋ ಬಹಳ ಹಿಂದೆಯೇ ಇದಕ್ಕೆ ಬಾಗಿಲು ಮುಚ್ಚಿತ್ತು. ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆಯ ಬಗ್ಗೆ 1855ರಲ್ಲಿ ಆಯೋಗವೊಂದು ವರದಿ ಕೊಟ್ಟಿತು. ನಮ್ಮ ಕೆನರಾ ಜಿಲ್ಲೆಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಪೊಲೀಸರಿಗೆ ಕೊಟ್ಟ ತಪ್ಪೊಪ್ಪಿಗೆ ಸಲ್ಲದು ಎಂಬ ನಿಯಮ 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಬಂತು. 1872ರಲ್ಲಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಅದನ್ನು ಸಾಕ್ಷ್ಯ ಅಧಿನಿಯಮದ 25 ಮತ್ತು 26ನೇ ಕಲಂಗಳಲ್ಲಿ ನೆಲೆಗೊಳಿಸಿದ. 27ನೇ ಕಲಂ ಮಾತ್ರ ಒಂದು ಕಿಂಡಿ ಉಳಿಸಿತು: ಆರೋಪಿಯ ಮಾತಿನಿಂದ ಹೊಸ ಸಂಗತಿಯೊಂದು ಪತ್ತೆಯಾದರೆ ಅಷ್ಟು ಮಾತು ಸಲ್ಲುತ್ತದೆ. ಪುಲುಕುರಿ ಕೊಟ್ಟಯ್ಯ ಪ್ರಕರಣದ ಪ್ರಿವಿ ಕೌನ್ಸಿಲ್ ತೀರ್ಪು ಅದರ ಎಲ್ಲೆಯನ್ನು ಗೆರೆ ಎಳೆದು ತೋರಿಸಿತು. ಸೂರಿನಲ್ಲಿ ಚೂರಿ ಬಚ್ಚಿಟ್ಟಿದ್ದೇನೆ ಎಂಬ ಮಾತು ಸಲ್ಲುತ್ತದೆ, ಅದರಿಂದಲೇ ಇರಿದೆ ಎಂಬುದು ಸಲ್ಲದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಇವೆಲ್ಲವನ್ನೂ ಉಳಿಸಿಕೊಂಡಿದೆ.

ಈ ನಿಷೇಧ ವಸಾಹತುಶಾಹಿಯ ಪಳೆಯುಳಿಕೆ, ನಮ್ಮ ಪೊಲೀಸರಿಗೆ ಮಾಡಿದ ಅವಮಾನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದು ಆರೋಪಿಗೆ ತೋರಿದ ದಯೆಯೂ ಅಲ್ಲ. ಬಾಯಿ ಬಿಡಿಸಿದರೆ ಕೇಸು ಗೆಲ್ಲಬಹುದು ಎಂದಾದ ದಿನ ಸಾಕ್ಷಿ ಹುಡುಕುವ ಕಷ್ಟ ಯಾರಿಗೂ ಬೇಡವಾಗುತ್ತದೆ. ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲೇ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಅಲ್ಲಿಗೆ ಹೋಗುವ ಪುರಾವೆ ಲಾಠಿಗೆ ಹೆದರಿ ಮಾತು ಬದಲಿಸುವುದಿಲ್ಲ. ಆದರೆ ಪ್ರಯೋಗಾಲಯವೂ ಒತ್ತಾಯದ ಸಾಧನವಾಗಬಾರದು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ ಸಂವಿಧಾನದ 20(3)ನೇ ವಿಧಿಗೆ ವಿರುದ್ಧವೆಂದು ಹೇಳಿದ್ದು ಅದಕ್ಕಾಗಿಯೇ.

ಹತ್ತೊಂಬತ್ತು ವರ್ಷಗಳ ನಂತರ ತಪ್ಪೊಪ್ಪಿಗೆಗಳು ಬಿದ್ದುಹೋದಾಗ ಜೈಲಿನಲ್ಲಿ ಕಳೆದವರ ಆಯುಷ್ಯ ಮರಳಲಿಲ್ಲ. ರೈಲಿನಲ್ಲಿ ಮಡಿದವರ ಮನೆಯವರಿಗೆ ಉತ್ತರವೂ ಸಿಗಲಿಲ್ಲ. ಹಾಗಾಗಿ ಈ ಸಭೆ ಎರಡು ವಿಷಯಗಳನ್ನು ಕೂಲಂಕಷವಾಗಿ ಚರ್ಚಿಸಲಿ ಎಂಬುದು ನನ್ನ ಆಶಯ. ವಿಶೇಷ ಕಾಯ್ದೆಗಳಲ್ಲಿರುವ ತಪ್ಪೊಪ್ಪಿಗೆಯ ವಿನಾಯಿತಿ ಮುಂದುವರಿಯಬೇಕೇ? ಪತ್ತೆಯ ಹೆಸರಿನ ಪಂಚನಾಮೆಗಳನ್ನು ಕೆಳ ನ್ಯಾಯಾಲಯಗಳು ಇನ್ನೂ ನಿಷ್ಠುರವಾಗಿ ಒರೆಗೆ ಹಚ್ಚುವುದು ಹೇಗೆ? ಮೊದಲನೆಯದಕ್ಕೆ ಬೇಡ ಎಂಬುದೇ ನನ್ನ ಉತ್ತರ. ಅದನ್ನು ನಿಮ್ಮ ಪರೀಕ್ಷೆಗೆ ಒಪ್ಪಿಸುತ್ತೇನೆ.