ತೊಡೆಗೆ ಬಿದ್ದ ಪೆಟ್ಟು

ಸುಗ್ಗಿ ಮುಗಿದ ಮೇಲೆ ‘ಕುರುಕ್ಷೇತ್ರ’ ನಾಟಕವಾಡುವುದು ಗುಬ್ಬಿ ಸೀಮೆಯ ನಮ್ಮ ಹಳ್ಳಿಗಳಲ್ಲಿ ಬಹುಕಾಲದ ವಾಡಿಕೆ. ಗುಬ್ಬಿಯೆಂದರೆ ನಾಟಕದ ಊರಷ್ಟೆ. 1884ರಲ್ಲಿ ಅಲ್ಲಿ ಹುಟ್ಟಿದ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು ‘ಕುರುಕ್ಷೇತ್ರ’ವನ್ನು ಆಡಿ ತೋರಿಸಿತು. ಆ ಗಾಳಿ ಸೋಕಿದ ಊರುಗಳಲ್ಲಿ ಹಾರ್ಮೋನಿಯಂ ಮೇಷ್ಟರೊಬ್ಬರು ದೊರೆತರೆ ಸಾಕು, ದುರ್ಯೋಧನನಾಗಲು ಹತ್ತು ಜನ ಸಿದ್ಧರಾಗುತ್ತಿದ್ದರು. ನಾನು ಕಾಲೇಜಿನಲ್ಲಿ ಓದುತ್ತಿದ್ದ ವರ್ಷ ಆ ಪಾತ್ರ ನನ್ನ ಪಾಲಿಗೆ ಬಂದಿತು.

ಕಡೆಯ ದೃಶ್ಯ ಗದಾಯುದ್ಧ. ಭೀಮನಾಗಿದ್ದ ಗೆಳೆಯನು ಆವೇಶದಲ್ಲಿ ಅಳತೆ ತಪ್ಪಿದನು. ತಗಡಿನ ಗದೆಯೇ ಆದರೂ ಒಳಗಿದ್ದ ಮರದ ಹಿಡಿ ನನ್ನ ತೊಡೆಯ ಹೊರಬದಿಗೆ ಬಡಿಯಿತು. ರಕ್ತ ಬರಲಿಲ್ಲ, ಮೂಳೆ ಮುರಿಯಲಿಲ್ಲ. ಆದರೆ ಕಾಲು ನನ್ನ ಮಾತು ಕೇಳಲಿಲ್ಲ, ನಿಂತಲ್ಲಿಯೇ ಕುಸಿದೆ. ಎಂಥ ಅಭಿನಯವೆಂದು ಜನ ಚಪ್ಪಾಳೆ ತಟ್ಟಿದರು. ಹದಿನೈದು ದಿನ ಕುಂಟುತ್ತ ನಡೆದವನಿಗೆ ಮಾತ್ರ ಅದು ಅಭಿನಯವಲ್ಲವೆಂಬುದು ಗೊತ್ತಿತ್ತು.

ಈ ಹಳೆಯ ನೋವು ನೆನಪಿಗೆ ಬಂದದ್ದು ನನ್ನ ಮೊಮ್ಮಗನಿಂದ. ತುಮಕೂರಿನಲ್ಲಿ ಸಂಜೆಯ ಹೊತ್ತು ಅವನು ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂಬ ಮಿಶ್ರ ಸಮರಕಲೆಯನ್ನು ಕಲಿಯುತ್ತಿದ್ದಾನೆ. ಕುಸ್ತಿ, ಬಾಕ್ಸಿಂಗ್, ಕರಾಟೆ, ಥಾಯ್ಲೆಂಡಿನ ಒದೆಗಾರಿಕೆ, ಎಲ್ಲವೂ ಒಂದೇ ಕಣದಲ್ಲಿ ಕೂಡಿದ ಆಟವಿದು. 1993ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ ಪಂದ್ಯಗಳಿಂದ ಲೋಕಪ್ರಸಿದ್ಧವಾಯಿತು. ಅವನ ಅಜ್ಜಿಗೆ ಇದು ಸರಿಬೀಳದು. “ಹುಡುಗನಿಗೆ ಹೊಡೆದಾಟ ಕಲಿಸುವುದುಂಟೆ? ನೀವಾದರೂ ಹೇಳಬಾರದೆ?” ಎಂದು ನನ್ನನ್ನು ಕೇಳಿದಳು. ಹೇಳುವ ಮುನ್ನ ನೋಡೋಣವೆಂದು ಮೊಮ್ಮಗನ ಪಕ್ಕದಲ್ಲಿ ಕುಳಿತು ಹಲವು ಪಂದ್ಯಗಳನ್ನು ನೋಡಿದೆ.

ಮೊದಲು ನನ್ನ ಕಣ್ಣಿಗೆ ಬಿದ್ದುದು ಕಾಲಿನ ಮೇಲಿನ ಹೊಡೆತ. ತಲೆಗೂ ಎದೆಗೂ ಹೊಡೆಯದೆ ತೊಡೆಗೆ ಅಥವಾ ಮೀನಖಂಡಕ್ಕೆ ಒದೆಯುವುದು. ಮೊಣಕಾಲಿನ ಕೆಳಗೆ, ಹೊರಬದಿಯಲ್ಲಿ, ಒಂದು ನರವು ಚರ್ಮಕ್ಕೆ ತೀರ ಹತ್ತಿರದಲ್ಲಿ ಹಾದುಹೋಗುತ್ತದೆ. ಅಲ್ಲಿ ಪೆಟ್ಟು ಬಿದ್ದರೆ ಪಾದವೇ ಜೋಮುಗಟ್ಟುತ್ತದೆ. 2021ರ ಜನವರಿಯಲ್ಲಿ ಡಸ್ಟಿನ್ ಪೊಯಿರಿಯೆ ಎಂಬಾತನು ಹೆಸರಾಂತ ಕಾನರ್ ಮೆಕ್‌ಗ್ರೆಗರನ ಕಾಲನ್ನು ಹೀಗೆಯೇ ನಿಶ್ಚಲಗೊಳಿಸಿ, ಎರಡನೆಯ ಸುತ್ತಿನಲ್ಲಿ ಅವನನ್ನು ಸೋಲಿಸಿದನು. ಅದನ್ನು ನೋಡುವಾಗ ನನ್ನ ಕೈ ತಾನಾಗಿ ನನ್ನ ತೊಡೆಯನ್ನು ಮುಟ್ಟಿಕೊಂಡಿತು.

ರೂಢಿಯಲ್ಲಿಲ್ಲದ ಪೆಟ್ಟು ಏಕೆ ಫಲಿಸುತ್ತದೆ? ಬಲದಿಂದಲ್ಲ. ಎದುರಾಳಿಯ ರಕ್ಷಣೆ ಅವನ ನಿರೀಕ್ಷೆಯನ್ನು ಅನುಸರಿಸಿ ನಿಂತಿರುತ್ತದೆ. ನಿರೀಕ್ಷೆಯಿಲ್ಲದಲ್ಲಿ ಕಾವಲೂ ಇರುವುದಿಲ್ಲ. 2011ರ ಫೆಬ್ರವರಿಯಲ್ಲಿ ಬ್ರೆಜಿಲ್ಲಿನ ಆಂಡರ್ಸನ್ ಸಿಲ್ವ ತನ್ನ ಎದುರಾಳಿಯ ಗದ್ದಕ್ಕೆ ನೇರವಾಗಿ ಮುಂಗಾಲಿನಿಂದ ಒದ್ದು ಉರುಳಿಸಿದನು. ಅದೇನು ಹೊಸ ವಿದ್ಯೆಯಲ್ಲ. ಕರಾಟೆಯಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠ. ಮಕ್ಕಳ ಪಾಠವೆಂದು ದೊಡ್ಡವರು ಮರೆತಿದ್ದರು, ಅಷ್ಟೆ. ಮೂರು ತಿಂಗಳೊಳಗೆ ಲಿಯೊಟೊ ಮಚಿಡ ಜಿಗಿದು ಅದನ್ನೇ ಒದ್ದು ಮತ್ತೊಂದು ಪಂದ್ಯ ಗೆದ್ದನು. ಕಾವ್ಯದಲ್ಲಿಯೂ ಹೀಗೆಯೇ ಅಲ್ಲವೆ? ಹೊಸತೆನಿಸುವುದು ಎಷ್ಟೋ ಸಲ ಮರೆತ ಹಳೆಯದೇ ಆಗಿರುತ್ತದೆ.

ಆದರೆ ಇಂಥ ಪೆಟ್ಟಿಗೆ ಬೆಲೆಯೂ ಉಂಟು. ಕುಣಿಗಲ್ಲಿನ ಕುದುರೆ ಫಾರಂ ಬಲ್ಲವರಿಗೆ ಕುದುರೆಯ ಹಿಂದೆ ನಿಲ್ಲಬಾರದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದು ತಿರುಗಿ ನೋಡದೆಯೇ ಒದೆಯುತ್ತದೆ. ಈ ಆಟದಲ್ಲಿಯೂ ಬೆನ್ನು ತಿರುಗಿಸಿ ಹಿಂಗಾಲಿನಿಂದ ಒದೆಯುವ ವರಸೆಯೊಂದಿದೆ. ತಗುಲಿದರೆ ಎದುರಾಳಿಯ ಉಸಿರೇ ಕಟ್ಟುತ್ತದೆ. ತಪ್ಪಿದರೆ ನಮ್ಮ ಬೆನ್ನು ಅವನ ವಶವಾಗುತ್ತದೆ. ಒಮ್ಮೆ ಫಲಿಸಿದ್ದು ಸದಾ ಫಲಿಸುವುದೆಂದೂ ಇಲ್ಲ. ಬೆರಗು ರೂಢಿಯಾದ ದಿನ ಅದಕ್ಕೆ ಮದ್ದೂ ಹುಟ್ಟುತ್ತದೆ. ಅದೇ ಸಿಲ್ವ 2013ರ ಡಿಸೆಂಬರಿನಲ್ಲಿ ಎದುರಾಳಿಯ ಕಾಲಿಗೆ ಒದೆಯಹೋದಾಗ, ಆತ ಮೊಣಕಾಲೆತ್ತಿ ತಡೆದನು. ಒದ್ದವನ ಕಾಲೇ ಮುರಿಯಿತು.

ಇಷ್ಟಾದ ಮೇಲೆ ಒಂದು ಸಂಜೆ ಮೊಮ್ಮಗ ಕೇಳಿದ: “ತಾತ, ಭೀಮ ತೊಡೆಗೆ ಹೊಡೆದದ್ದು ಫೌಲ್ ಅಲ್ಲವಾ? ಅವನನ್ನು ಯಾಕೆ ಆಟದಿಂದ ಹೊರಗೆ ಹಾಕಲಿಲ್ಲ?”

ಮೂವತ್ತು ವರ್ಷ ರನ್ನನ ‘ಗದಾಯುದ್ಧ’ವನ್ನು ತರಗತಿಯಲ್ಲಿ ಪಾಠ ಹೇಳಿದವನು ನಾನು. ಪ್ರತಿಜ್ಞೆಯ ಪಾಲನೆ ಎಂದು ಒಂದು ಮಾತಿನಲ್ಲಿ ಮುಗಿಸಿ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ. ಹುಡುಗನೆದುರು ಅಷ್ಟು ಸುಲಭವಾಗಿ ಮುಂದೆ ಹೋಗಲಾಗಲಿಲ್ಲ.

ವ್ಯಾಸಭಾರತವನ್ನು ಮತ್ತೆ ತೆರೆದೆ. ಬಲದಲ್ಲಿ ಭೀಮ ಮೇಲು, ಅಭ್ಯಾಸದಲ್ಲಿ ದುರ್ಯೋಧನ ಮೇಲು ಎಂದು ಕೃಷ್ಣನೇ ಒಪ್ಪುತ್ತಾನೆ. ಹದಿಮೂರು ವರ್ಷ ಉಕ್ಕಿನ ಭೀಮನ ಪ್ರತಿಮೆಯ ಮೇಲೆ ಸಾಧನೆ ಮಾಡಿದವನು ಅವನು. ನಿಯಮದೊಳಗಿನ ಪ್ರತಿಯೊಂದು ಹೊಡೆತಕ್ಕೂ ಅವನಲ್ಲಿ ಉತ್ತರವಿತ್ತು. ಕಡೆಗೆ ಪೆಟ್ಟನ್ನು ತಪ್ಪಿಸಿಕೊಳ್ಳಲು ಅವನು ಮೇಲಕ್ಕೆ ನೆಗೆದನು; ನೆಗೆದವನ ತೊಡೆಗಳು ಗದೆಗೆ ಎದುರಾದುವು. ಅಲ್ಲಿ ಅವನು ಕಾವಲಿರಿಸಿರಲಿಲ್ಲ. ಏಕೆಂದರೆ ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮವೇ ಅಲ್ಲಿನ ಕಾವಲಾಗಿತ್ತು. ಮೆಕ್‌ಗ್ರೆಗರನ ಕಾಲಿಗೆ ಬಿದ್ದುದಕ್ಕೂ ದುರ್ಯೋಧನನ ತೊಡೆಗೆ ಬಿದ್ದುದಕ್ಕೂ ಭೇದ ಇಲ್ಲಿದೆ. ಮೊದಲನೆಯದು ಎದುರಾಳಿ ಎಣಿಸದಿದ್ದ ಪೆಟ್ಟು. ಎರಡನೆಯದು ಅವನು ನಂಬಿದ್ದನ್ನು ಮುರಿದ ಪೆಟ್ಟು.

ನಿಯಮವೇನು ಶಾಶ್ವತವೆ ಎಂದು ಕೇಳಬಹುದು. ಅಲ್ಲ. ಮೊಣಕೈಯನ್ನು ಮೇಲಿನಿಂದ ನೇರ ಕೆಳಕ್ಕೆ ಕುಟ್ಟುವುದು ಈ ಆಟದಲ್ಲಿ ಎರಡು ದಶಕಗಳಿಗೂ ಮೀರಿ ನಿಷಿದ್ಧವಾಗಿತ್ತು. 2024ರ ನವೆಂಬರಿನಿಂದ ಅದು ಸಮ್ಮತ. ಆದರೆ ಬದಲಾಯಿಸಿದ್ದು ಎಲ್ಲರೆದುರಿಗೆ, ಪಂದ್ಯಕ್ಕೆ ಮುಂಚೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗವನ್ನು ನೆನೆಯಿರಿ. ತಲೆ ಬೋಳಿಸಿ, ಬೆರಳ ಗೆಣ್ಣುಗಳಿಗೆ ಹರಿತವಾದ ಆಯುಧ ತೊಟ್ಟು ಕಣಕ್ಕಿಳಿಯುತ್ತಾರೆ. ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಹೊಡೆಯುವುದು ಎಷ್ಟು ವಿದ್ಯೆಯೋ ನಿಲ್ಲಿಸುವುದೂ ಅಷ್ಟೇ ವಿದ್ಯೆ.

ಹಾಗೆಂದು ದುರ್ಯೋಧನನ ಪಕ್ಷ ವಹಿಸಲಾರೆ. ತುಂಬಿದ ಸಭೆಯಲ್ಲಿ ದ್ರೌಪದಿಗೆ ತೊಡೆ ತೋರಿದಂದು ಎಲ್ಲ ನಿಯಮವನ್ನೂ ಮೊದಲು ಮುರಿದವನು ಅವನೇ. ಭೀಮನ ಗದೆ ಬಿದ್ದುದು ಆ ತೊಡೆಗೆ. ಆದರೂ ಇಬ್ಬರಿಗೂ ಗುರುವಾದ ಬಲರಾಮನು ನೇಗಿಲೆತ್ತಿ ಗರ್ಜಿಸಿ, ಕೃಷ್ಣನ ಸಮಾಧಾನಕ್ಕೂ ಒಪ್ಪದೆ ದ್ವಾರಕೆಗೆ ಹೊರಟುಹೋದನಲ್ಲ, ಆ ಗುರುವಿನ ಸಂಕಟ ನನಗೆ ಇಷ್ಟು ತಡವಾಗಿ ಅರ್ಥವಾಯಿತು. ಭೀಮನ ಪೆಟ್ಟು ಫಲಿಸಿತು, ಫಲಿಸಿದ್ದೆಲ್ಲ ಸರಿಯಾಗಲಿಲ್ಲ. ಆ ಕಲೆಯನ್ನು ಕವಿಗಳು ಒರಸದೆ ಉಳಿಸಿದ್ದಾರೆ.

ಮೊಮ್ಮಗನಿಗೆ ಹೇಳಿದೆ: “ಹೌದಪ್ಪ, ಅದು ಫೌಲೇ. ನೀನು ಕಲಿ. ನಿನ್ನ ಪೆಟ್ಟು ಎದುರಾಳಿಗೆ ಅನಿರೀಕ್ಷಿತವಾಗಿರಲಿ. ನಡುವೆ ನಿಂತ ತೀರ್ಪುಗಾರನಿಗೆ ಅನಿರೀಕ್ಷಿತವಾಗುವುದು ಬೇಡ.” ಅವನ ಅಜ್ಜಿಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ, ಆದರೂ ಸಂಜೆಯ ಹಾಲನ್ನು ಮೊದಲಿಗಿಂತ ದೊಡ್ಡ ಲೋಟದಲ್ಲಿ ಕೊಡುತ್ತಿದ್ದಾಳೆ.

ನನ್ನ ಹಳೆಯ ಭೀಮ ಇಂದಿಗೂ ಗುಬ್ಬಿಯ ಜಾತ್ರೆಯಲ್ಲಿ ಸಿಗುತ್ತಾನೆ. ಸಿಕ್ಕಾಗಲೆಲ್ಲ ಮೊದಲ ಮಾತು, “ಕಾಲು ಹೇಗಿದೆಯಯ್ಯ?” ಎಂಬುದೇ. ಕುರುಕ್ಷೇತ್ರದ ಭೀಮನಿಗೆ ಹಾಗೆ ಕೇಳುವ ಅವಕಾಶ ಸಿಗಲಿಲ್ಲ.

(ಆಕಾಶವಾಣಿಯ ಕೃಪೆಯಿಂದ)