ಕಾಗದದ ಹೂವಿನ ಹೆಸರು

(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಬೊಮ್ಮನಹಳ್ಳಿಯ ಮನೆಗಳ ಕಾಂಪೌಂಡಿನ ಮೇಲೆ ಗುಲಾಬಿ, ನೇರಳೆ ಬಣ್ಣದಲ್ಲಿ ಹಬ್ಬುವ ಮುಳ್ಳಿನ ಬಳ್ಳಿಯನ್ನು ನೀವೆಲ್ಲ ನೋಡಿದ್ದೀರಿ. ಕನ್ನಡದಲ್ಲಿ ಕಾಗದದ ಹೂ, ಉರ್ದುವಿನಲ್ಲಿ ಕಾಗಜೀ ಫೂಲ್. 'ಕಾಗದ' ಎಂಬ ಪದವೂ ಫಾರಸಿಯ 'ಕಾಗಜ್'ನಿಂದಲೇ ಬಂದದ್ದು. ಎರಡೂ ಭಾಷೆ ಕಲಿಸುವ ನನಗೆ ಇಂಥದ್ದು ಸಿಕ್ಕರೆ ಬಹಳ ಖುಷಿ. ಪುಸ್ತಕದಲ್ಲಿ ಇದರ ಹೆಸರು ಬೋಗನ್‌ವಿಲ್ಲಾ.

ಮಕ್ಕಳೇ, ಆ ಬಣ್ಣದ ದಳಗಳು ಹೂವಲ್ಲ, ಎಲೆಗಳು. ಮೂರು ಬಣ್ಣದೆಲೆಗಳ ನಡುವೆ ಸಣ್ಣ ಬಿಳಿ ಕೊಳವೆಯಂತೆ ಇರುವುದೇ ನಿಜವಾದ ಹೂ. ಸಂಜೆಮಲ್ಲಿಗೆ, ಅಂದರೆ ಉರ್ದುವಿನ ಗುಲ್ ಅಬ್ಬಾಸ್, ಇದೇ ಕುಟುಂಬದ ಗಿಡ. ನೀರು ಹೆಚ್ಚಾದರೆ ಬಳ್ಳಿಯಲ್ಲಿ ಬರೀ ಸೊಪ್ಪು. ಕೊಂಚ ಒಣಗಿಸಿದರೆ ಮೈತುಂಬಾ ಬಣ್ಣ. (ಪೋಷಕರು ಈ ಸೂತ್ರವನ್ನು ಮಕ್ಕಳ ಮೇಲೆ ಪ್ರಯೋಗಿಸಬಾರದಾಗಿ ವಿನಂತಿ!)

ಇದರ ತವರು ದಕ್ಷಿಣ ಅಮೆರಿಕ. 1766ರಲ್ಲಿ ಫ್ರಾನ್ಸಿನಿಂದ ಹೊರಟ ನೌಕಾಯಾತ್ರೆಯ ನಾಯಕ ಬೂಗನ್‌ವಿಲ್. ಸಸ್ಯತಜ್ಞ ಕೊಮರ್ಸನ್ 1767ರಲ್ಲಿ ಬ್ರೆಜಿಲಿನ ರಿಯೋ ನಗರದ ಬಳಿ ಸಂಗ್ರಹವಾದ ಈ ಬಳ್ಳಿಗೆ ನಾಯಕನ ಹೆಸರನ್ನಿಟ್ಟರು. ಆದರೆ ಕೊಮರ್ಸನ್‌ಗೆ ಕಾಲುನೋವು. ಗುಡ್ಡ ಹತ್ತಿ, ಗಿಡಗಳ ಹೊರೆ ಹೊತ್ತು ತರುತ್ತಿದ್ದುದು ಅವರ ಸಹಾಯಕ. ಆ ಸಹಾಯಕ ಗಂಡಸಲ್ಲ! ಜೀನ್ ಬಾರೆ ಎಂಬ ಬಡ ಹಳ್ಳಿಯ ಹೆಣ್ಣುಮಗಳು. ಹೆಂಗಸರಿಗೆ ಆ ಹಡಗುಗಳಲ್ಲಿ ಪ್ರವೇಶವಿರಲಿಲ್ಲವಾಗಿ ಗಂಡುವೇಷ ಹಾಕಿದ್ದರು. ಭೂಮಿಯನ್ನು ಸುತ್ತಿದ ಮೊದಲ ಮಹಿಳೆ ಎಂದು ಇತಿಹಾಸ ಗುರುತಿಸುವುದು ಇವರನ್ನೇ. ಒಂದು ಗಿಡಕ್ಕೆ ಅವರ ಹೆಸರಿಡಲು ಕೊಮರ್ಸನ್ ಬಯಸಿದ್ದರೂ ಅದು ಉಳಿಯಲಿಲ್ಲ. ಕೊನೆಗೆ 2012ರಲ್ಲಿ, ನಮ್ಮ ಬದನೆಯ ಕುಲಕ್ಕೆ ಸೇರಿದ ಒಂದು ಬಳ್ಳಿಗೆ ಅವರ ಹೆಸರು ಬಂತು. ಎರಡೂವರೆ ಶತಮಾನ ತಡವಾಗಿ.

ಆ ಹಡಗುಗಳು ಹೊರಡುವ ಆರು ವರ್ಷ ಮೊದಲು, 1760ರಲ್ಲಿ, ಹೈದರ್ ಅಲಿ ನಮ್ಮ ಲಾಲ್‌ಬಾಗನ್ನು ಆರಂಭಿಸಿದ್ದರು. ದೂರದೇಶಗಳ ಗಿಡಗಳನ್ನು ತರಿಸಿ ಬೆಳೆಸಿದ ತೋಟ ಅದು. ಬೊಮ್ಮನಹಳ್ಳಿಯಿಂದ ಎಷ್ಟು ದೂರ? ಹೊಸೂರು ರಸ್ತೆಯಲ್ಲಿ ಒಂದು ಬಸ್ ಪ್ರಯಾಣ. ಆದರೂ ನಮ್ಮ ಒಂಬತ್ತನೆಯ ತರಗತಿಯ ಹಲವು ಹೆಣ್ಣುಮಕ್ಕಳು ಅದನ್ನು ನೋಡಿಲ್ಲ.

ಮುಂದಿನ ತಿಂಗಳು ಆ ತರಗತಿಯನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೇವೆ. ಗಂಡುಮಕ್ಕಳ ಒಪ್ಪಿಗೆ ಪತ್ರಗಳೆಲ್ಲ ಬಂದಿವೆ. ಹೆಣ್ಣುಮಕ್ಕಳದು ಅರ್ಧಕ್ಕೂ ಕಡಿಮೆ. ಅಮ್ಮಂದಿರೇ, ಅಬ್ಬಾಜಾನ್‌ಗಳೇ, ನಿಮ್ಮ ಆತಂಕ ನನಗೆ ಗೊತ್ತು. ಇಬ್ಬರು ಶಿಕ್ಷಕಿಯರು ಜೊತೆಗಿರುತ್ತಾರೆ, ಸಂಜೆ ಐದಕ್ಕೆ ಶಾಲೆಗೆ ವಾಪಸ್. ಪತ್ರ ಕಳೆದುಹೋಗಿದ್ದರೆ ನನ್ನ ಬಳಿ ಇನ್ನೂ ಪ್ರತಿಗಳಿವೆ. ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಬಳಿಯೇ ನಿಂತಿರುತ್ತೇನೆ, ಪೆನ್ನೂ ಇದೆ.